ಓಡುವವರಿಗೆ ಮೊದಲು ನಿಧಾನ ಹೇಳಿಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಮ್ಯಾರಥಾನ್‌ಗೆ ತಯಾರಾಗುವ ಬಗ್ಗೆ ಬಂದ ಪುಟ ನೋಡಿದೆ. ಹನ್ನೆರಡು ವಾರದ ದೊಡ್ಡದೊಂದು ಕೋಷ್ಟಕ, ವಾರದ ಯಾವ ದಿನ ಎಷ್ಟು ಕಿಲೋಮೀಟರ್ ಅಂತ ಲೆಕ್ಕ, ಪಕ್ಕದಲ್ಲಿ ಹಲ್ಲು ಕಚ್ಚಿಕೊಂಡು ಓಡುತ್ತಿರುವ ಒಬ್ಬನ ಫೋಟೊ, ಕೆಳಗೆ ದಪ್ಪಕ್ಷರದಲ್ಲಿ ‘ಛಲ ಬಿಡಬೇಡಿ’. ಎಲ್ಲಾ ಇತ್ತು. ಎಷ್ಟು ನಿಧಾನ ಓಡಬೇಕು ಅನ್ನೋದೊಂದೇ ಇರಲಿಲ್ಲ. ಹೊಸದಾಗಿ ಓಡಲು ಹೊರಟವರಿಗೆ ಮೊದಲು ಹೇಳಬೇಕಾದ ಮಾತೇ ಅದು. ಅದನ್ನೇ ಬಿಟ್ಟರೆ ಉಳಿದ ಕೋಷ್ಟಕ ಇಟ್ಟುಕೊಂಡು ಏನು ಮಾಡೋದು?

ನಾನು ಕೋಚ್ ಅಲ್ಲ, ಡಾಕ್ಟರೂ ಅಲ್ಲ. ಕೆಲಸ ಮತ್ತು ಮನೆಯ ನಡುವೆ ಬೆಳಿಗ್ಗೆ ಓಡಿ ಬರುವ, ಐವತ್ತರ ಹತ್ತಿರದ ಹೆಂಗಸು. ಬಹಳ ವರ್ಷಗಳಿಂದ ಒಂದು ಸಣ್ಣ ಗುಂಪಿನ ಜೊತೆ ಓಡುತ್ತಿದ್ದೇನೆ. ಆ ಗುಂಪಿಗೆ ಬಂದವರನ್ನೂ ನೋಡಿದ್ದೇನೆ, ಬಂದು ಬಿಟ್ಟುಹೋದವರನ್ನೂ ನೋಡಿದ್ದೇನೆ. ಬಿಟ್ಟುಹೋದವರೇ ಜಾಸ್ತಿ. ಅವರನ್ನು ಜನ ಆರಂಭಶೂರರು ಅಂತಾರೆ, ಸೋಮಾರಿಗಳು ಅಂತಾರೆ. ನನಗೆ ಹಾಗನ್ನಿಸಿಲ್ಲ. ಅವರಲ್ಲಿ ಬಹಳ ಜನಕ್ಕೆ ಛಲ ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಮೊದಲ ದಿನವೇ ಎದ್ದೆವೋ ಬಿದ್ದೆವೋ ಅಂತ ಓಡಿದರು, ಎರಡನೇ ದಿನ ಮೊದಲ ದಿನಕ್ಕಿಂತ ಎರಡು ನಿಮಿಷ ಬೇಗ ಮುಗಿಸಬೇಕು ಅಂತ ಹಟ ಹಿಡಿದರು, ಮೂರನೇ ವಾರಕ್ಕೆ ಬೆಳಗಿನ ಅಲಾರಂ ಕೇಳಿದರೇ ಹೊಟ್ಟೆ ತೊಳಸುವ ಹಾಗಾಯಿತು. ದಿನಾ ಏದುಸಿರು ಬಿಡುತ್ತಾ, ಎದೆ ಹೊಡೆದುಕೊಳ್ಳುತ್ತಾ, ಮುಗಿದರೆ ಸಾಕಪ್ಪಾ ಅಂತ ಓಡುವ ಕೆಲಸವನ್ನು ಯಾರು ತಾನೇ ಇಷ್ಟಪಟ್ಟು ಮಾಡುತ್ತಾರೆ? ಬಿಟ್ಟದ್ದೇ ಸರಿ ಅನ್ನಿಸುತ್ತದೆ ನನಗೆ.

ಆದ್ದರಿಂದ ‘ಹುರುಪು ಉಳಿಸಿಕೊಳ್ಳೋದು ಹೇಗೆ’ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಅವರ ಮನಸ್ಸಿನ ವಿಷಯ ಕೇಳುವುದಿಲ್ಲ. ವೇಗದ ವಿಷಯ ಕೇಳುತ್ತೇನೆ. ಹತ್ತರಲ್ಲಿ ಎಂಟು ಜನರ ಹುರುಪಿನ ಸಮಸ್ಯೆ ಅಲ್ಲೇ ಇದೆ ಅನ್ನುವುದು ನನ್ನ ಅಂದಾಜು.

ಎಷ್ಟು ನಿಧಾನ ಅಂದರೆ? ಇದಕ್ಕೆ ವಾಚೂ ಬೇಡ, ನಾಡಿ ಅಳೆಯಲು ಎದೆಗೆ ಕಟ್ಟುವ ಪಟ್ಟಿಯೂ ಬೇಡ. ಪಕ್ಕದವರ ಜೊತೆ ಮಾತಾಡುತ್ತಾ ಓಡಲು ಆಗಬೇಕು. ‘ಹೂಂ’, ‘ಅಲ್ವಾ’ ಅನ್ನುವ ಮಾತಲ್ಲ, ಪೂರ್ತಿ ವಾಕ್ಯ. ನಮ್ಮ ಗುಂಪಿಗೆ ಹೊಸಬರು ಬಂದರೆ ಅವರನ್ನು ನನ್ನ ಪಕ್ಕಕ್ಕೆ ಹಾಕಿಕೊಂಡು ‘ನಿನ್ನೆ ಆಫೀಸಿನಲ್ಲಿ ಏನಾಯ್ತು ಹೇಳಿ’ ಅನ್ನುತ್ತೇನೆ. ಮೊದಲ ಐದು ನಿಮಿಷ ಕಥೆ ಸರಾಗವಾಗಿ ಬರುತ್ತದೆ. ಆಮೇಲೆ ವಾಕ್ಯ ಚಿಕ್ಕದಾಗುತ್ತದೆ. ‘ಮ್ಯಾನೇಜರ್... ಬಂದ್ರು... ಆಮೇಲೆ...’ ಅಂತ ತುಂಡು ತುಂಡಾಗುತ್ತದೆ. ಆಗ ಭುಜ ಕಿವಿಯ ಹತ್ತಿರಕ್ಕೆ ಏರಿರುತ್ತದೆ, ಮುಷ್ಟಿ ಬಿಗಿದಿರುತ್ತದೆ, ಬಾಯಿ ತೆರೆದಿರುತ್ತದೆ. ಅವರಿಗೆ ಗೊತ್ತೇ ಆಗಿರುವುದಿಲ್ಲ. ಅಲ್ಲೇ ನಿಧಾನ ಮಾಡಿಸುತ್ತೇನೆ. ಬೇಕಾದರೆ ನಡೆಸುತ್ತೇನೆ. ಮತ್ತೆ ಉದ್ದ ವಾಕ್ಯ ಬಂದಾಗ ಮತ್ತೆ ಓಟ. ‘ಇದು ಓಟವೇ ಅಲ್ಲ, ನಡೆಯೋರೇ ನಮ್ಮನ್ನ ದಾಟಿ ಹೋಗ್ತಿದ್ದಾರೆ’ ಅಂತ ಬಹಳ ಜನ ನಾಚಿಕೊಳ್ಳುತ್ತಾರೆ. ದಾಟಿ ಹೋಗಲಿ ಬಿಡಿ.

ನಿಧಾನ ಓಡಿದರೆ ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಈ ನಾಚಿಕೆ ಕಡಿಮೆಯಾಗುತ್ತದೆ. ವಾರಗಟ್ಟಲೆ ಹೀಗೆ ಓಡಿದಾಗ ಹೃದಯ ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತ ನೂಕುವುದನ್ನು ಕಲಿಯುತ್ತದೆ. ಅದಕ್ಕೇ ಅದೇ ವೇಗದಲ್ಲಿ ಓಡುವಾಗ ನಾಡಿ ಇಳಿಯುತ್ತದೆ. ಕಾಲಿನ ಸ್ನಾಯುವಿನ ಸುತ್ತ ಕೂದಲಿಗಿಂತ ತೆಳುವಾದ ರಕ್ತನಾಳಗಳು ಹೆಚ್ಚಾಗುತ್ತವೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಬೆಳೆಯುತ್ತವೆ. ಕೊಬ್ಬನ್ನು ಉರಿಸಿ ಓಡುವ ಅಭ್ಯಾಸ ದೇಹಕ್ಕೆ ಹತ್ತುತ್ತದೆ. ದಮ್ಮು ಅಂತ ನಾವು ಹೇಳುವುದು ಇದನ್ನೇ. ಇದಕ್ಕೆ ಬೇಕಾದ್ದು ಹೊತ್ತು. ಜೋರಾಗಿ ಓಡಿದರೂ ಇವು ಬೆಳೆಯುತ್ತವೆ, ಇಲ್ಲ ಅನ್ನುತ್ತಿಲ್ಲ. ಆದರೆ ಜೋರಾಗಿ ಹೆಚ್ಚು ಹೊತ್ತು ಓಡಲು ಆಗುವುದಿಲ್ಲ, ಮಾರನೇ ದಿನ ಮತ್ತೆ ಓಡಲೂ ಆಗುವುದಿಲ್ಲ. ನಿಧಾನವಾಗಿ ಓಡಿದವರು ನಾಳೆಯೂ ಬರುತ್ತಾರೆ.

ಇನ್ನೊಂದು ತೊಡಕಿದೆ, ಇದನ್ನು ಬರೆಯುವವರು ಕಡಿಮೆ. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಬೇಗ ಪಳಗುವುದಿಲ್ಲ. ಮೊದಲ ಕೆಲವು ವಾರದಲ್ಲೇ ರಕ್ತದ ದ್ರವ ಹೆಚ್ಚಾಗಿ ಓಟ ಹಗುರ ಅನ್ನಿಸಲು ಶುರುವಾಗುತ್ತದೆ, ಆದರೆ ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ಹೊಸಬರು ಎರಡನೇ ತಿಂಗಳಲ್ಲಿ ‘ನನಗೀಗ ಏನೂ ಅನ್ಸೋದೇ ಇಲ್ಲ, ಎಷ್ಟು ಬೇಕಾದ್ರೂ ಓಡ್ತೀನಿ’ ಅನ್ನುತ್ತಾರಲ್ಲ, ಆಗ ನನಗೆ ಹೆದರಿಕೆಯಾಗುತ್ತದೆ. ಕಣಕಾಲಿನ ಮೂಳೆ, ಹಿಮ್ಮಡಿ, ಮೊಣಕಾಲ ಚಿಪ್ಪಿನ ಸುತ್ತ ನೋವು ಹತ್ತುವುದು ಆ ಸಮಯದಲ್ಲೇ. ಎದೆ ಸಿದ್ಧ, ಕಾಲು ಸಿದ್ಧವಿಲ್ಲ.

ವಾರದಿಂದ ವಾರಕ್ಕೆ ಶೇ 10ಕ್ಕಿಂತ ಹೆಚ್ಚು ದೂರ ಏರಿಸಬೇಡಿ ಅನ್ನುವ ಸೂತ್ರ ನಿಮ್ಮ ಕೋಷ್ಟಕದ ಕೆಳಗೂ ಇತ್ತು. ಕೇಳಲು ಚೆನ್ನಾಗಿದೆ. ಆದರೆ ನೆದರ್‌ಲ್ಯಾಂಡ್ಸ್‌ನ ಗ್ರೊನಿಂಗೆನ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಸೂತ್ರದಂತೆ ನಿಧಾನವಾಗಿ ಏರುವ ಯೋಜನೆ, ಇನ್ನೊಂದಕ್ಕೆ ಬೇಗ ಏರುವ ಸಾಮಾನ್ಯ ಯೋಜನೆ ಕೊಟ್ಟು ನೋಡಿದರು. 2008ರಲ್ಲಿ ಬಂದ ಫಲಿತಾಂಶದ ಪ್ರಕಾರ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಐವರಲ್ಲಿ ಒಬ್ಬರಿಗೆ ಗಾಯವಾಗಿತ್ತು. ಅಂದರೆ ಸೂತ್ರ ಹಿಡಿದವರನ್ನು ಸೂತ್ರ ಕಾಪಾಡಲಿಲ್ಲ. ಹಾಗಂತ ಎಷ್ಟು ಬೇಕಾದರೂ ಏರಿಸಿ ಅಂತ ಅರ್ಥವಲ್ಲ. ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ, ನಾಲ್ಕನೇ ವಾರ ಇಳಿಸಿ, ಕಾಲು ಏನು ಹೇಳುತ್ತದೆ ಕೇಳಿ ಅನ್ನುವುದು ನನ್ನ ಪದ್ಧತಿ. ಎರಡೂ ಕಾಲು ಒಟ್ಟಿಗೆ ಬಿಗಿದುಕೊಂಡು ನೋಯುತ್ತಿದ್ದರೆ ಅದು ಸಾಮಾನ್ಯವಾಗಿ ದಣಿವು, ಒಂದೆರಡು ದಿನದಲ್ಲಿ ಹೋಗುತ್ತದೆ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಜಾಸ್ತಿಯಾಗುತ್ತಿದ್ದರೆ ಅಲ್ಲಿಗೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟವರು ‘ಛಲ ಬಿಡಬೇಡಿ’ ಓದಿಕೊಂಡು ಮತ್ತೆ ಓಡಿದರೆ ತಿಂಗಳುಗಟ್ಟಲೆ ಮನೆಯಲ್ಲಿ ಕೂರಬೇಕಾಗುತ್ತದೆ.

ನಿಧಾನದ ವಿಷಯ ನಾನು ಕಂಡುಹಿಡಿದದ್ದೇನಲ್ಲ. ನ್ಯೂಜಿಲೆಂಡ್‌ನ ಆರ್ಥರ್ ಲಿಡಿಯಾರ್ಡ್ ಶೂ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಮನುಷ್ಯ. ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ವಾರಕ್ಕೆ ಸುಮಾರು 160 ಕಿ.ಮೀ. ಓಡುವ ಕ್ರಮ ಕಂಡುಕೊಂಡು, ಅದನ್ನೇ ತನ್ನ ಸುತ್ತಮುತ್ತಲ ಹುಡುಗರಿಗೆ ಹೇಳಿಕೊಟ್ಟ. 800 ಮೀಟರ್ ಓಡುವ ಪೀಟರ್ ಸ್ನೆಲ್‌ನನ್ನೂ ಬಿಡಲಿಲ್ಲ, ಗುಡ್ಡದ ದಾರಿಯಲ್ಲಿ 35 ಕಿ.ಮೀ. ಓಡಿಸಿದ. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೆ ಇಷ್ಟು ದೂರ ಯಾಕೆ ಅಂತ ಯಾರಿಗಾದರೂ ಅನ್ನಿಸಬೇಕು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರ್ ಚಿನ್ನ ಗೆದ್ದ, ಅದೇ ದಿನ ಲಿಡಿಯಾರ್ಡ್‌ನ ಇನ್ನೊಬ್ಬ ಶಿಷ್ಯ ಮರ್ರಿ ಹ್ಯಾಲ್ಬರ್ಗ್ 5000 ಮೀಟರ್ ಚಿನ್ನ ಗೆದ್ದ, ಮ್ಯಾರಥಾನ್‌ನಲ್ಲಿ ಬ್ಯಾರಿ ಮಗೀ ಕಂಚು ತಂದ.

ನಮ್ಮಂಥವರಿಗೆ ಮುಖ್ಯವಾದದ್ದು ಲಿಡಿಯಾರ್ಡ್‌ನ ಆಮೇಲಿನ ಕೆಲಸ. ವಯಸ್ಸಾದವರನ್ನು, ಹೃದಯಾಘಾತವಾಗಿ ಚೇತರಿಸಿಕೊಂಡವರನ್ನು ಕೂಡಿಸಿ ಆಕ್ಲೆಂಡ್‌ನಲ್ಲಿ ಮೆಲ್ಲಗೆ ಓಡಿಸಲು ಶುರುಮಾಡಿದ. 1962ರ ಕೊನೆಗೆ ಅಲ್ಲಿಗೆ ಹೋದ ಅಮೆರಿಕದ ಕೋಚ್ ಬಿಲ್ ಬೋವರ್‌ಮನ್, ಈ ಗುಂಪಿನ ಜೊತೆ ಓಡಲು ಹೋಗಿ ಸುಸ್ತಾಗಿ ಹಿಂದೆ ಬಿದ್ದರು. ದೊಡ್ಡ ದೊಡ್ಡ ಓಟಗಾರರನ್ನು ತಯಾರಿಸಿದ ಕೋಚ್! ಹೃದಯದ ತೊಂದರೆ ಕಂಡಿದ್ದ ಎಪ್ಪತ್ತು ದಾಟಿದ ಒಬ್ಬರು ಅವರಿಗಾಗಿ ನಿಧಾನ ಮಾಡಿ ಜೊತೆಗೆ ಬಂದರಂತೆ. ಬೋವರ್‌ಮನ್ ಊರಿಗೆ ಮರಳಿ ಒರೆಗಾನ್‌ನಲ್ಲಿ ಸಾಮಾನ್ಯ ಜನಕ್ಕೆ ಜಾಗಿಂಗ್ ಹೇಳಿಕೊಟ್ಟರು, ಅಮೆರಿಕದಲ್ಲಿ ಜನ ಬೀದಿಗಿಳಿದು ಓಡುವುದು ಹಬ್ಬಿದ್ದಕ್ಕೆ ಅದು ದೊಡ್ಡ ಕಾರಣ. ಅಂದರೆ ಇವತ್ತು ನಾವು ಮಾಡುವ ಈ ಹವ್ಯಾಸದ ಮೂಲವೇ ನಿಧಾನದ ಓಟ.

ಅತಿ ವೇಗದವರೂ ಇದನ್ನೇ ಮಾಡುತ್ತಾರೆ. ನಾರ್ವೆಯಲ್ಲಿ ಕೆಲಸ ಮಾಡುವ ಸಂಶೋಧಕ ಸ್ಟೀಫನ್ ಸೈಲರ್ ಉನ್ನತ ಮಟ್ಟದ ಓಟಗಾರರು, ಸ್ಕೀಯರ್‌ಗಳು, ದೋಣಿ ಹುಟ್ಟು ಹಾಕುವವರ ಅಭ್ಯಾಸ ನೋಡಿದಾಗ, ಅವರ ಅಭ್ಯಾಸದಲ್ಲಿ ಸುಮಾರು ಶೇ 80 ಸುಲಭದ್ದು ಅಂತ ಕಂಡುಬಂತು. ಎಲಿಯುಡ್ ಕಿಪ್ಚೋಗೆ 2022ರಲ್ಲಿ ಬರ್ಲಿನ್‌ನಲ್ಲಿ 2 ಗಂಟೆ 1 ನಿಮಿಷ 9 ಸೆಕೆಂಡ್‌ನಲ್ಲಿ ಮ್ಯಾರಥಾನ್ ಮುಗಿಸಿದರು, ಅಂದರೆ ಕಿಲೋಮೀಟರಿಗೆ 2 ನಿಮಿಷ 52 ಸೆಕೆಂಡ್. ಅದೇ ಮನುಷ್ಯ ಸುಲಭದ ದಿನ ಕಿಲೋಮೀಟರಿಗೆ ಅದಕ್ಕಿಂತ ಒಂದು ನಿಮಿಷಕ್ಕೂ ಹೆಚ್ಚು ನಿಧಾನ ಓಡುತ್ತಾರೆ. ನಮ್ಮ ಹವ್ಯಾಸಿಗಳ ಕಥೆ ಉಲ್ಟಾ. ಸುಲಭದ ದಿನವೂ ಅರ್ಧ ಜೋರು, ಜೋರಿನ ದಿನವೂ ಅರ್ಧ ಜೋರು. ದಿನಾ ಒಂದೇ ಥರ ಸುಸ್ತು. ಆಮೇಲೆ ‘ಎಷ್ಟು ಓಡಿದರೂ ಸುಧಾರಿಸ್ತಾ ಇಲ್ಲ’ ಅಂತ ಜೋಲು ಮುಖ.

ವಾರಕ್ಕೊಮ್ಮೆ ಜೋರಾಗಿ ಓಡಿ, ಖಂಡಿತ. ಆ ದಿನ ಮಾತು ಬೇಡ. ಮಿಕ್ಕ ದಿನ ಮಾತು.

ಇನ್ನು ಮನಸ್ಸಿನ ವಿಷಯ. ಹುರುಪು ಬಂದ ಮೇಲೆ ಓಡುತ್ತೇನೆ ಅಂತ ಕಾಯುವವರು ಕಾಯುತ್ತಲೇ ಇರುತ್ತಾರೆ. ನಾನು ನೋಡಿದ ಮಟ್ಟಿಗೆ ಹುರುಪು ಬರುವುದು ಓಡಲು ಶುರುಮಾಡಿ ಹತ್ತು ನಿಮಿಷವಾದ ಮೇಲೆ. ಅದಕ್ಕೆ ನಮ್ಮ ಗುಂಪಿನ ಒಬ್ಬರು ಇಟ್ಟುಕೊಂಡಿರುವ ನಿಯಮ ನನಗೆ ಇಷ್ಟ: ಮನಸ್ಸಿಲ್ಲದ ದಿನ ಬಟ್ಟೆ, ಶೂ ಹಾಕಿ ಹೊರಗೆ ಹೋಗು, ಹತ್ತು ನಿಮಿಷ ಓಡು, ಆಗಲೂ ಬೇಡ ಅನ್ನಿಸಿದರೆ ವಾಪಸ್ ಬಾ, ಯಾರೂ ಕೇಳೋಲ್ಲ. ಅವರು ವಾಪಸ್ ಬಂದ ದಿನಗಳೂ ಇವೆ. ಹೆಚ್ಚಿನ ದಿನ ಬರುವುದಿಲ್ಲ. ರಾತ್ರಿಯೇ ಬಟ್ಟೆ, ಕಾಲುಚೀಲ, ಶೂ ಎಲ್ಲ ಬಾಗಿಲ ಹತ್ತಿರ ಇಟ್ಟು ಮಲಗುವುದು ಹಳೇ ಉಪಾಯ, ಎಲ್ಲರೂ ಹೇಳುತ್ತಾರೆ, ಆದರೂ ಕೆಲಸ ಮಾಡುತ್ತದೆ. ಕತ್ತಲಲ್ಲಿ ಎದ್ದು ಒಂದು ಕಾಲುಚೀಲ ಹುಡುಕುವಷ್ಟರಲ್ಲಿ ಮನಸ್ಸು ಹತ್ತು ನೆಪ ಹೇಳಿರುತ್ತದೆ.

ಜೊತೆಗಾರರು ಇದ್ದರೆ ಇನ್ನೂ ಸುಲಭ. ಯಾರೋ ಒಬ್ಬರು ಮೂಲೆಯಲ್ಲಿ ಕಾಯುತ್ತಾ ನಿಂತಿರುತ್ತಾರೆ ಅನ್ನುವ ಸಂಕೋಚಕ್ಕಾದರೂ ಎದ್ದು ಹೋಗುತ್ತೇವೆ. ಆದರೆ ಜೊತೆಗಾರರ ಆಯ್ಕೆಯಲ್ಲಿ ಹುಷಾರಾಗಿರಬೇಕು. ಪ್ರತಿ ಸಲವೂ ಅರ್ಧ ಹೆಜ್ಜೆ ಮುಂದೆ ಓಡುವವರು ಇರುತ್ತಾರೆ. ಅವರ ಪಕ್ಕ ಹೋದರೆ ಅವರು ಮತ್ತೆ ಅರ್ಧ ಹೆಜ್ಜೆ ಮುಂದೆ. ಕೆಟ್ಟವರೇನಲ್ಲ ಪಾಪ, ಅವರಿಗೇ ಗೊತ್ತಿರುವುದಿಲ್ಲ. ಅಂಥವರ ಜೊತೆ ಜೋರಿನ ದಿನ ಓಡಿ, ಸುಲಭದ ದಿನ ಬೇಡ.

ಫೋನಿನ ಆ್ಯಪ್‌ಗಳ ಬಗ್ಗೆ ಒಂದು ಮಾತು. ದೂರ ಬರೆದಿಟ್ಟುಕೊಳ್ಳಲು ಒಳ್ಳೆಯವು. ಆದರೆ ಪ್ರತಿ ಓಟವೂ ನಾಲ್ಕು ಜನ ನೋಡುವ ಕಡೆ ಬೀಳುತ್ತದೆ ಅಂತ ಗೊತ್ತಾದ ಕೂಡಲೇ ನಿಧಾನ ಓಡಲು ಜನಕ್ಕೆ ನಾಚಿಕೆ ಶುರುವಾಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸರಾಸರಿ ಕೆಡದಿರಲಿ ಅಂತ ವಾಚ್ ನಿಲ್ಲಿಸುವವರನ್ನು ನೋಡಿದ್ದೇನೆ, ಕೊನೆಗೆ 9.8 ಬಂದರೆ ಮನೆ ಮುಂದೆ ಗಿರಗಿರ ಸುತ್ತಿ 10 ಮಾಡುವವರನ್ನೂ ನೋಡಿದ್ದೇನೆ. ನಗು ಬರುತ್ತದೆ, ಆದರೆ ಇದೇ ಜನ ಆರು ತಿಂಗಳಲ್ಲಿ ‘ಬೋರ್ ಆಯ್ತು’ ಅಂತ ಬಿಟ್ಟುಬಿಡುತ್ತಾರೆ. ಸುಲಭದ ದಿನ ವಾಚನ್ನು ಮನೆಯಲ್ಲೇ ಬಿಟ್ಟು ಹೋಗಿ ನೋಡಿ.

ಮಧ್ಯೆ ಜ್ವರ ಬರುತ್ತದೆ, ಕೆಲಸದ ಒತ್ತಡ ಬರುತ್ತದೆ, ಮನೆಯಲ್ಲಿ ಯಾರಿಗೋ ಹುಷಾರಿರುವುದಿಲ್ಲ. ವಾರ ತಪ್ಪುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ತಪ್ಪಿದ್ದನ್ನು ತುಂಬಿಸಬೇಕು ಅಂತ ಮುಂದಿನ ವಾರ ಎರಡರಷ್ಟು ಓಡಿ ಗಾಯ ಮಾಡಿಕೊಳ್ಳುತ್ತಾರೆ, ಇಲ್ಲವೇ ‘ಎಲ್ಲಾ ಹೋಯ್ತು’ ಅಂತ ಕೈಬಿಡುತ್ತಾರೆ. ನಾಲ್ಕೈದು ದಿನ ಓಡದಿದ್ದರೆ ಏನೂ ಹೋಗುವುದಿಲ್ಲ, ಎಷ್ಟೋ ಸಲ ಕಾಲು ಹೊಸದಾಗಿರುತ್ತದೆ. ಎರಡು ವಾರ ಬಿಟ್ಟರೆ ದಮ್ಮು ಸ್ವಲ್ಪ ಇಳಿಯುತ್ತದೆ, ಅದೂ ಮೊದಲ ಸಲ ಗಳಿಸಿದ್ದಕ್ಕಿಂತ ಬೇಗ ವಾಪಸ್ ಬರುತ್ತದೆ. ತಪ್ಪಿದ ಓಟ ತಪ್ಪಿತು, ಇವತ್ತಿನದು ಇವತ್ತು. ಹಾಗೆಯೇ ನಿದ್ದೆಗೆಟ್ಟ ಮಾರನೇ ದಿನ, ಸೆಕೆಯ ದಿನ ಅದೇ ವೇಗ ಕಷ್ಟ ಅನ್ನಿಸಿದರೆ ನೀವು ಹಾಳಾಗಿದ್ದೀರಿ ಅಂತಲ್ಲ. ಸೆಕೆಗೆ ದೇಹ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಲ್ಲಿಯವರೆಗೆ ವೇಗ ಮರೆತುಬಿಡಿ.

ಈಗ ದೂರದ ಓಟ. ವಾರಕ್ಕೊಮ್ಮೆ ಉಳಿದ ದಿನಗಳಿಗಿಂತ ಉದ್ದವಾಗಿ ಓಡಬೇಕು, ಅದಿಲ್ಲದೆ ಮ್ಯಾರಥಾನ್‌ಗೆ ದಮ್ಮು ಬರುವುದಿಲ್ಲ, ಈ ವಿಷಯದಲ್ಲಿ ನಿಮ್ಮ ಕೋಷ್ಟಕ ಸರಿಯಾಗಿಯೇ ಇತ್ತು. ಆದರೆ ಯಾಕೆ ಅಂತ ಬರೆದಿರಲಿಲ್ಲ. ನಮ್ಮ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ರೂಪದಲ್ಲಿ ಸುಮಾರು 2000 ಕ್ಯಾಲೊರಿಯಷ್ಟು ಶಕ್ತಿ ಇರುತ್ತದೆ. ಓಡುವಾಗ ತೂಕದ ಪ್ರತಿ ಕಿಲೋಗೆ, ಕಿಲೋಮೀಟರಿಗೆ ಹೆಚ್ಚುಕಮ್ಮಿ ಒಂದು ಕ್ಯಾಲೊರಿ ಖರ್ಚು. 65 ಕಿಲೋ ತೂಕದವರಿಗೆ 30 ಕಿ.ಮೀ.ಗೆ 1950 ಆಯಿತು. ಮ್ಯಾರಥಾನ್ 42.195 ಕಿ.ಮೀ. ಲೆಕ್ಕ ನೀವೇ ಹಾಕಿ. ಖರ್ಚಿನ ಒಂದು ಪಾಲನ್ನು ಕೊಬ್ಬು ಹೊರುವುದರಿಂದ ಎಲ್ಲರಿಗೂ ಸರಿಯಾಗಿ ಅಲ್ಲೇ ಮುಗಿಯುವುದಿಲ್ಲ, ಆದರೆ ಮೊದಲ ಅರ್ಧ ಜೋರಾಗಿ ಓಡಿದಷ್ಟೂ ಬೇಗ ಮುಗಿಯುತ್ತದೆ. ಕೊಬ್ಬು ಬ್ಯಾಂಕಿನಲ್ಲಿಟ್ಟ ದುಡ್ಡಿನ ಹಾಗೆ, ಬೇಕಾದಷ್ಟಿದೆ ಆದರೆ ತಕ್ಷಣ ಕೈಗೆ ಬರುವುದಿಲ್ಲ, ಗ್ಲೈಕೋಜನ್ ಜೇಬಿನ ದುಡ್ಡು.

ಅದು ಖಾಲಿಯಾದಾಗ ಆಗುವುದನ್ನು ಓಟಗಾರರು ‘ವಾಲ್’, ಅಂದರೆ ಗೋಡೆ, ಅನ್ನುತ್ತಾರೆ. 30, 32ನೇ ಕಿಲೋಮೀಟರ್ ಹತ್ತಿರ ನಿಂತು ನೋಡಿದರೆ ಗೊತ್ತಾಗುತ್ತದೆ. ಆವರೆಗೆ ಚೆನ್ನಾಗಿ ಬರುತ್ತಿದ್ದವರ ಹೆಜ್ಜೆ ಒಮ್ಮೆಲೇ ಗಿಡ್ಡವಾಗುತ್ತದೆ, ಪಾದ ನೆಲಕ್ಕೆ ಉಜ್ಜುತ್ತದೆ, ಕತ್ತು ಒಂದು ಕಡೆ ವಾಲುತ್ತದೆ. ನೀರು ಕೊಡಲು ಹೋದರೆ ಕೈಚಾಚಿ ಲೋಟ ಹಿಡಿಯುವುದೂ ಕಷ್ಟ. ‘ಇನ್ನೆಷ್ಟು ದೂರ ಇದೆ’ ಅಂತ ಕೇಳುತ್ತಾರೆ, ಹತ್ತು ಅಂದರೆ ಅದರಲ್ಲಿ ಎಷ್ಟು ನಿಮಿಷ ಅಂತ ಕೂಡಿ ಕಳೆಯಲು ತಲೆ ಓಡುವುದಿಲ್ಲ, ಮತ್ತೆ ಅದನ್ನೇ ಕೇಳುತ್ತಾರೆ. ಮಿದುಳಿಗೂ ಬೇಕಾದದ್ದು ಅದೇ ಸಕ್ಕರೆ. ಅಲ್ಲಿ ‘ಛಲ’ ಏನೂ ಮಾಡುವುದಿಲ್ಲ. ಇದಕ್ಕೆ ಪರಿಹಾರ ಮೊದಲೇ ಮಾಡಿಕೊಳ್ಳಬೇಕು: ತಿಂಗಳುಗಟ್ಟಲೆ ನಿಧಾನದ ದೂರದ ಓಟ, ಓಟದ ದಿನ ಮೊದಲರ್ಧ ತಡೆದು ಓಡುವುದು, ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುವುದು ಅಥವಾ ಕುಡಿಯುವುದು. ಏನು ತಿಂದರೆ ಹೊಟ್ಟೆ ಒಪ್ಪುತ್ತದೆ ಅನ್ನುವುದನ್ನು ಅಭ್ಯಾಸದ ಓಟದಲ್ಲೇ ನೋಡಿಕೊಳ್ಳಬೇಕು. ಓಟದ ದಿನ ಹೊಸದೇನನ್ನೂ ಬಾಯಿಗೆ ಹಾಕಬಾರದು, ಕಾಲಿಗೂ ಹಾಕಬಾರದು.

ನೀರಿನ ವಿಷಯದಲ್ಲಿ ಮಾತ್ರ ನಿಮ್ಮ ಪುಟದಲ್ಲಿದ್ದ ಸಲಹೆಗೆ ನನ್ನ ವಿರೋಧವಿದೆ. ‘ಬಾಯಾರಿಕೆ ಆಗುವ ಮೊದಲೇ, ಆದಷ್ಟೂ ಕುಡಿಯಿರಿ’ ಅಂತ ಬರೆದಿದ್ದೀರಿ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇ 13ರಷ್ಟು ಜನರ ರಕ್ತದಲ್ಲಿ ಸೋಡಿಯಂ (ಉಪ್ಪಿನ ಅಂಶ) ಬೇಕಾದ್ದಕ್ಕಿಂತ ಕಡಿಮೆ ಇತ್ತು. ಮುಖ್ಯ ಕಾರಣ ಅತಿಯಾಗಿ ಕುಡಿದದ್ದು. ಓಡುವ ಮೊದಲಿಗಿಂತ ಓಡಿದ ಮೇಲೆ ತೂಕ ಹೆಚ್ಚಾಗಿದ್ದವರೂ ಅವರಲ್ಲಿದ್ದರು! ಇದರಲ್ಲಿ ಹೆಚ್ಚು ಅಪಾಯ ನಿಧಾನದ ಓಟಗಾರರಿಗೇ. ನಾವು ದಾರಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ನೀರಿಟ್ಟ ಪ್ರತಿ ಟೇಬಲ್ ಹತ್ತಿರ ನಿಂತು ಕುಡಿಯುತ್ತೇವೆ. ಸೋಡಿಯಂ ತೀರಾ ಇಳಿದರೆ ತಲೆನೋವು, ವಾಂತಿ, ಗೊಂದಲ ಬರುತ್ತದೆ, ಜೀವಕ್ಕೂ ಅಪಾಯ. ಬಾಯಾರಿದಾಗ ಕುಡಿಯಿರಿ ಅಂತ ತಿದ್ದಿ ಹಾಕಿದರೆ ಉಪಕಾರವಾಗುತ್ತದೆ.

ದೂರದ ಓಟದಲ್ಲಿ ನಡುನಡುವೆ ನಡೆಯಬಹುದಾ ಅಂತ ಬಹಳ ಜನ ಗುಟ್ಟಿನಲ್ಲಿ ಕೇಳುತ್ತಾರೆ, ಏನೋ ಅಪರಾಧ ಮಾಡಿದವರ ಹಾಗೆ. ಧಾರಾಳವಾಗಿ ನಡೆಯಬಹುದು. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ದಶಕಗಳಿಂದ ಜನಕ್ಕೆ ಹೇಳಿಕೊಟ್ಟ ಕ್ರಮವೇ ಅದು, ಸ್ವಲ್ಪ ಓಡು, ಸ್ವಲ್ಪ ನಡೆ, ಮತ್ತೆ ಓಡು. ಗುಟ್ಟೇನೆಂದರೆ ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ, ಮೊದಲ ಕಿಲೋಮೀಟರಿನಿಂದಲೇ ಲೆಕ್ಕದಂತೆ ನಡೆಯುವುದು.

ವಯಸ್ಸಾಯಿತು ಅನ್ನುವವರಿಗೆ ಒಂದು ಹೆಸರು ಹೇಳುತ್ತೇನೆ: ಕೆನಡಾದ ಎಡ್ ವಿಟ್‌ಲಾಕ್. 2004ರಲ್ಲಿ ಟೊರಾಂಟೊದಲ್ಲಿ 73ನೇ ವಯಸ್ಸಿಗೆ 2 ಗಂಟೆ 54 ನಿಮಿಷ 48 ಸೆಕೆಂಡ್‌ನಲ್ಲಿ ಮ್ಯಾರಥಾನ್ ಓಡಿದರು. ಅವರ ಅಭ್ಯಾಸ ಏನು ಗೊತ್ತಾ? ಮನೆಯ ಹತ್ತಿರದ ಸ್ಮಶಾನದೊಳಗೆ ಸುತ್ತು ಸುತ್ತು ಓಡುವುದು. ಮೆಲ್ಲಗೆ, ಪುಟ್ಟ ಪುಟ್ಟ ಹೆಜ್ಜೆ, ಒಮ್ಮೊಮ್ಮೆ ಮೂರು ಗಂಟೆ. ಕೋಚ್ ಇಲ್ಲ, ಹಳೇ ಶೂ. ಅದರಲ್ಲಿ ಖುಷಿ ಏನೂ ಇಲ್ಲ ಅಂತ ಅವರೇ ಹೇಳುತ್ತಿದ್ದರು, ಸ್ಪರ್ಧೆ ಇಷ್ಟ ಅಂತ ಮಾಡುತ್ತಿದ್ದರು. 85ನೇ ವಯಸ್ಸಿನಲ್ಲೂ ನಾಲ್ಕು ಗಂಟೆಯೊಳಗೆ ಮುಗಿಸಿದರು. ಹುರುಪಿನ ಬಗ್ಗೆ ಭಾಷಣ ಮಾಡುವವರೆಲ್ಲ ಸ್ವಲ್ಪ ಆ ಸ್ಮಶಾನದ ಸುತ್ತುಗಳನ್ನು ನೆನಪಿಸಿಕೊಳ್ಳಬೇಕು. ಆದರೆ ನಲವತ್ತು ದಾಟಿ ಹೊಸದಾಗಿ ಶುರುಮಾಡುವವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು ಮೊದಲು ಡಾಕ್ಟರನ್ನು ಕೇಳಿ. ಓಡುವಾಗ ಎದೆ ಹಿಂಡಿದಂತಾದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿ.

ಕೊನೆಗೆ ಪತ್ರಿಕೆಗಳ ಬಗ್ಗೆ. ಓಟದ ವಿಷಯದಲ್ಲಿ ಪತ್ರಿಕೆಗಳು ಏನು ಬರೆಯುತ್ತವೆ ಅನ್ನುವುದು ಸಣ್ಣ ವಿಷಯವಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹೆಂಗಸರು 800 ಮೀಟರ್ ಓಡಿದರು. ಫೈನಲ್‌ನಲ್ಲಿ ಒಂಬತ್ತು ಜನ ಓಡಿದರು, ಒಂಬತ್ತೂ ಜನ ಮುಗಿಸಿದರು, ಗೆದ್ದ ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆಯನ್ನೇ ಮಾಡಿದರು. ಆದರೆ ಹಲವು ಪತ್ರಿಕೆಗಳು ಹೆಂಗಸರು ಅರ್ಧಕ್ಕೇ ಬಿಟ್ಟರು, ಕುಸಿದು ಬಿದ್ದರು, ನೋಡಲಾಗಲಿಲ್ಲ ಅಂತೆಲ್ಲ ಬರೆದವು. ಆ ಓಟವನ್ನು ತೆಗೆದೇಬಿಟ್ಟರು, ಮತ್ತೆ ಬಂದದ್ದು 1960ರಲ್ಲಿ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಬರಲು 1984ರವರೆಗೆ ಕಾಯಬೇಕಾಯಿತು. ಓಡಿ ಮುಗಿಸಿ ಉಸಿರಾಡಲು ನೆಲದ ಮೇಲೆ ಕೂತವರನ್ನು ನೋಡಿ ಬರೆದ ನಾಲ್ಕು ಸಾಲಿನ ಪರಿಣಾಮ ಎಷ್ಟು ದೂರ ಹೋಯಿತು ನೋಡಿ.

ಈಗಿನ ಪತ್ರಿಕೆಗಳು ಹಾಗೆ ಬರೆಯುವುದಿಲ್ಲ, ಒಪ್ಪುತ್ತೇನೆ. ಆದರೆ ಓಟದ ಮಾರನೇ ದಿನದ ಪುಟದಲ್ಲಿ ಮೊದಲ ಮೂವರ ಫೋಟೊ, ಅವರ ಸಮಯ, ಬಂದ ಅತಿಥಿಯ ಹೆಸರು, ಅಲ್ಲಿಗೆ ಮುಗಿಯಿತು. ಓದಿದವರಿಗೆ ಓಟ ಅಂದರೆ ಜೋರಾಗಿ ಓಡುವುದು ಅನ್ನುವುದೇ ಮನಸ್ಸಿನಲ್ಲಿ ಉಳಿಯುತ್ತದೆ. ಶೂ ಹಾಕಿಕೊಂಡು ಹೊರಗೆ ಹೋದ ಮೊದಲ ದಿನವೇ ಅದನ್ನೇ ಮಾಡುತ್ತಾರೆ.

ಅದಕ್ಕೇ ಎರಡು ಕೋರಿಕೆ. ತರಬೇತಿಯ ಕೋಷ್ಟಕ ಮತ್ತೆ ಹಾಕಿದರೆ ಕಿಲೋಮೀಟರ್ ಪಕ್ಕದಲ್ಲಿ ಇನ್ನೊಂದು ಅಂಕಣ ಮಾಡಿ, ಮಾತಾಡುತ್ತಾ ಓಡುವ ದಿನ ಯಾವುದು, ಜೋರಿನ ದಿನ ಯಾವುದು ಅಂತ ಹಾಕಿ. ಹನ್ನೆರಡು ವಾರ ಅನ್ನುವುದನ್ನು ದಯವಿಟ್ಟು ತೆಗೆಯಿರಿ, ಸೊನ್ನೆಯಿಂದ ಹೊರಟವರಿಗೆ ಒಂದು ವರ್ಷ ಅಂತ ಬರೆದರೂ ಪರವಾಗಿಲ್ಲ. ಇನ್ನೊಂದು, ಮುಂದಿನ ಓಟದ ದಿನ ನಿಮ್ಮ ವರದಿಗಾರರನ್ನು ಗೆದ್ದವರು ಬಂದ ಮೇಲೂ ಅಲ್ಲೇ ಇನ್ನೊಂದು ಮೂರು ನಾಲ್ಕು ಗಂಟೆ ಇರಲು ಹೇಳಿ. ಐದು ಗಂಟೆ, ಆರು ಗಂಟೆಗೆ ಮುಗಿಸುವವರು ಬರುತ್ತಾರೆ. ಕೆಲಸಕ್ಕೆ ಹೋಗುವವರು, ಮಕ್ಕಳಿರುವವರು, ಅರವತ್ತು ದಾಟಿದವರು. ವಾರಕ್ಕೆ ಎಷ್ಟು ದಿನ ಓಡುತ್ತಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ, ಎಷ್ಟು ವರ್ಷದಿಂದ ಬಿಡದೆ ಮಾಡುತ್ತಿದ್ದಾರೆ ಅಂತ ಅವರನ್ನು ಕೇಳಿ ಬರೆಯಿರಿ. ಅವರೇನೂ ಅವಸರದಲ್ಲಿ ಇರುವುದಿಲ್ಲ, ನಿಂತು ಮಾತಾಡುತ್ತಾರೆ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗಿ